ಮೆಕ್ಯಾನಿಕಲ್ ಕೀಲಿಮಣೆ: ದಿನಬಳಕೆಯ ಬೆರಳಚ್ಚಿಗೆ ಆಯ್ಕೆ

ಪ್ರತಿಯೊಂದು ಕೀಲಿಯ ಅಡಿಯಲ್ಲೂ ತನ್ನದೇ ಸ್ಪ್ರಿಂಗ್ ಉಳ್ಳ ಬಿಡಿ ಸ್ವಿಚ್ ಇರುವ ಕಂಪ್ಯೂಟರ್ ಕೀಲಿಮಣೆಯನ್ನು ಮೆಕ್ಯಾನಿಕಲ್ ಕೀಲಿಮಣೆ ಎನ್ನುತ್ತಾರೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಮೆಂಬ್ರೇನ್ ಕೀಲಿಮಣೆಯಲ್ಲಿ ಹೀಗೆ ಬಿಡಿ ಸ್ವಿಚ್‌ಗಳಿರುವುದಿಲ್ಲ. ಅದರಲ್ಲಿ ಕೀಲಿಯನ್ನು ಒತ್ತಿದಾಗ ಕೆಳಗಿನ ರಬ್ಬರ್ ಗುಮ್ಮಟ ಕುಸಿಯುತ್ತದೆ. ಅದರಡಿಯ ಪ್ಲಾಸ್ಟಿಕ್ ಹಾಳೆಗಳ ಮೇಲೆ ಮುದ್ರಿಸಿದ ವಿದ್ಯುತ್ ಗೆರೆಗಳು ಒಂದನ್ನೊಂದು ಮುಟ್ಟಿ ಅಕ್ಷರ ದಾಖಲಾಗುತ್ತದೆ. ಗುಮ್ಮಟ ಪೂರ್ತಿ ಕುಸಿಯುವವರೆಗೆ ಒತ್ತಬೇಕಾಗಿರುವುದರಿಂದ ಪ್ರತಿ ಅಕ್ಷರಕ್ಕೂ ಬೆರಳು ತಳ ಮುಟ್ಟಬೇಕು. ಮೆಕ್ಯಾನಿಕಲ್ ಸ್ವಿಚ್‌ನಲ್ಲಾದರೆ ಕೀಲಿ ಸುಮಾರು ಅರ್ಧ ದಾರಿ ಇಳಿದಾಗಲೇ ಅಕ್ಷರ ದಾಖಲಾಗುತ್ತದೆ. ಎಷ್ಟು ಬಲ ಬೇಕು, ಎಷ್ಟು ಆಳದಲ್ಲಿ ದಾಖಲಾಗಬೇಕು, ಸದ್ದು ಬೇಕೋ ಬೇಡವೋ ಎಂಬುದನ್ನು ಸ್ವಿಚ್‌ನ ಬಗೆ ನಿರ್ಧರಿಸುತ್ತದೆ.

ಬರಹಗಾರರು, ಅನುವಾದಕರು, ಡಿಟಿಪಿ ಮಾಡುವವರು, ಪ್ರೋಗ್ರಾಂ ಬರೆಯುವವರು ದಿನಕ್ಕೆ ಸಾವಿರಾರು ಬಾರಿ ಕೀಲಿ ಒತ್ತುತ್ತಾರೆ. ಅವರಿಗೆ ಕೀಲಿಮಣೆಯ ಆಯ್ಕೆ ಬೆರಳು, ಮಣಿಕಟ್ಟುಗಳ ಆರೋಗ್ಯದ ಪ್ರಶ್ನೆಯೂ ಹೌದು. ಮೆಕ್ಯಾನಿಕಲ್ ಕೀಲಿಮಣೆಯ ಕೆಲವು ಗುಣಗಳನ್ನು ಕೊಂಡ ಮೇಲೂ ಬದಲಿಸಿಕೊಳ್ಳಬಹುದು, ಕೆಲವನ್ನು ಬದಲಿಸಲಾಗದು. ಈ ಭೇದವನ್ನು ತಿಳಿದವರಿಗೆ ಆಯ್ಕೆ ಸುಲಭವಾಗುತ್ತದೆ.

ಹಿನ್ನೆಲೆ

ಇಂದಿನ ಕೀಲಿಮಣೆಯ ಅಕ್ಷರ ವಿನ್ಯಾಸ ಬಂದದ್ದು ಬೆರಳಚ್ಚು ಯಂತ್ರದಿಂದ. ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ಮತ್ತು ಸಂಗಡಿಗರು ರೂಪಿಸಿದ ಯಂತ್ರವನ್ನು ರೆಮಿಂಗ್ಟನ್ ಸಂಸ್ಥೆ 1874ರಲ್ಲಿ ಮಾರುಕಟ್ಟೆಗೆ ತಂದಿತು. ಅದರಲ್ಲಿ ನೆಲೆಗೊಂಡ ಕ್ವರ್ಟಿ ವಿನ್ಯಾಸ ಇಂದಿಗೂ ಬಳಕೆಯಲ್ಲಿದೆ. 1878ರ ಎರಡನೆಯ ಮಾದರಿಯಲ್ಲಿ ಶಿಫ್ಟ್ ಕೀಲಿ ಬಂತು. 1936ರಲ್ಲಿ ಅಗಸ್ಟ್ ಡ್ವೊರಾಕ್ ಮತ್ತು ವಿಲಿಯಂ ಡೀಲಿ ಹೆಚ್ಚು ಬಳಕೆಯಾಗುವ ಅಕ್ಷರಗಳನ್ನು ನಡುಸಾಲಿಗೆ ತಂದ ಬೇರೊಂದು ವಿನ್ಯಾಸಕ್ಕೆ ಪೇಟೆಂಟ್ ಪಡೆದರು. ಆದರೆ ಅಷ್ಟು ಹೊತ್ತಿಗೆ ಕ್ವರ್ಟಿ ಬೇರೂರಿತ್ತು.

ಕಂಪ್ಯೂಟರ್ ಕಾಲದಲ್ಲಿ ಕೀಲಿಮಣೆಯ ಗುಣಮಟ್ಟಕ್ಕೆ ಅಳತೆಗೋಲಾದದ್ದು ಐಬಿಎಂ. ಆ ಸಂಸ್ಥೆಯ ಎಂಜಿನಿಯರ್ ರಿಚರ್ಡ್ ಹ್ಯಾರಿಸ್ ರೂಪಿಸಿದ ಬಾಗುವ ಸ್ಪ್ರಿಂಗಿನ ತಂತ್ರದಲ್ಲಿ, ಕೀಲಿ ಇಳಿದಂತೆ ಸ್ಪ್ರಿಂಗ್ ಒಂದು ಹಂತದಲ್ಲಿ ಥಟ್ಟನೆ ಪಕ್ಕಕ್ಕೆ ಮಡಿಯುತ್ತದೆ. ಅಕ್ಷರ ದಾಖಲಾಗುವುದು, ಬೆರಳಿಗೆ ತಿಳಿಯುವುದು, ಕಿವಿಗೆ ಕೇಳುವುದು ಮೂರೂ ಒಂದೇ ಗಳಿಗೆಯಲ್ಲಿ ಆಗುತ್ತವೆ. 1981ರ ಐಬಿಎಂ ಪರ್ಸನಲ್ ಕಂಪ್ಯೂಟರ್ ಜೊತೆ ಬಂದ ಮಾಡೆಲ್ ಎಫ್, 1980ರ ದಶಕದ ನಡುವಿನಲ್ಲಿ ಬಂದ ಮಾಡೆಲ್ ಎಂ ಎರಡರಲ್ಲೂ ಇದೇ ತಂತ್ರವಿತ್ತು. ಮಾಡೆಲ್ ಎಂ ಎರಡು ಕಿಲೋಗ್ರಾಂಗೂ ಹೆಚ್ಚು ತೂಗುತ್ತಿತ್ತು. ಅದರ 101 ಕೀಲಿಗಳ ಜೋಡಣೆಯೇ ಮುಂದೆ ಪೂರ್ಣ ಗಾತ್ರದ ಕೀಲಿಮಣೆಗೆ ಮಾದರಿಯಾಯಿತು. ಅಮೆರಿಕದ ಯೂನಿಕಾಂಪ್ ಸಂಸ್ಥೆ ಆ ಪರಂಪರೆಯನ್ನು ಮುಂದುವರಿಸಿಕೊಂಡು ಬಂದಿದೆ.

ಅದೇ ದಶಕದಲ್ಲಿ ಚೆರಿ ಸಂಸ್ಥೆ ಎಂಎಕ್ಸ್ ಸ್ವಿಚ್ ಸರಣಿಯನ್ನು ಹೊರತಂದಿತು. ಅಮೆರಿಕದಲ್ಲಿ ಹುಟ್ಟಿದ ಈ ಸಂಸ್ಥೆ ಆ ವೇಳೆಗೆ ಜರ್ಮನಿಯಲ್ಲಿ ನೆಲೆಯೂರಿತ್ತು. ಜಪಾನಿನ ಆಲ್ಪ್ಸ್ ಸಂಸ್ಥೆಯ ಸ್ವಿಚ್‌ಗಳು ಆಪಲ್‌ನ 1987ರ ಎಕ್ಸ್‌ಟೆಂಡೆಡ್ ಕೀಲಿಮಣೆಯಲ್ಲಿ ಬಳಕೆಯಾದವು. 1990ರ ದಶಕದಲ್ಲಿ ಕಂಪ್ಯೂಟರ್ ಬೆಲೆ ಇಳಿಯುತ್ತ ಹೋದಂತೆ ರಬ್ಬರ್ ಗುಮ್ಮಟದ ಕೀಲಿಮಣೆಗಳು ಎಲ್ಲೆಡೆ ಹರಡಿ, ಮೆಕ್ಯಾನಿಕಲ್ ಕೀಲಿಮಣೆ ಹಿಂದೆ ಸರಿಯಿತು. ಭಾರತದಲ್ಲಿ ಆಗಲೂ ಟಿವಿಎಸ್ ಗೋಲ್ಡ್ ಕೀಲಿಮಣೆ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ತನ್ನ ಸ್ಥಾನ ಉಳಿಸಿಕೊಂಡಿತು. ಅದರ ಟಕಟಕ ಸದ್ದಿಗೆ ಒಳಗಿನ ಚೆರಿ ನೀಲಿ ಸ್ವಿಚ್‌ಗಳು ಕಾರಣ. 2010ರ ದಶಕದಲ್ಲಿ ಚೆರಿಯ ಮೂಲ ಪೇಟೆಂಟ್‌ಗಳ ಅವಧಿ ಮುಗಿದು, ಕೈಲ್, ಗೇಟೆರಾನ್, ಔಟೆಮು ಮುಂತಾದ ಚೀನೀ ತಯಾರಕರು ಅದೇ ಅಳತೆಯ ಸ್ವಿಚ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡತೊಡಗಿದರು. ಬೆಲೆ ಇಳಿಯಿತು, ಬಗೆಗಳು ಹೆಚ್ಚಿದವು.

ರಚನೆ

ಎಂಎಕ್ಸ್ ಮಾದರಿಯ ಸ್ವಿಚ್‌ನಲ್ಲಿ ಮೇಲಿನ ಮತ್ತು ಕೆಳಗಿನ ಎರಡು ಪ್ಲಾಸ್ಟಿಕ್ ಹೊದಿಕೆಗಳು, ಅವುಗಳ ನಡುವೆ ಜಾರುವ ದಂಡ, ಸುರುಳಿ ಸ್ಪ್ರಿಂಗ್ ಮತ್ತು ಎರಡು ಲೋಹದ ಎಲೆಗಳು ಇರುತ್ತವೆ. ಕೀಲಿ ಮೇಲಿರುವಾಗ ದಂಡದ ಕಾಲುಗಳು ಲೋಹದ ಎಲೆಗಳನ್ನು ದೂರ ಹಿಡಿದಿರುತ್ತವೆ. ದಂಡ ಇಳಿದಾಗ ಎಲೆಗಳು ಕೂಡಿ ವಿದ್ಯುತ್ ಹರಿಯುತ್ತದೆ. ದಂಡದ ತುದಿಯಲ್ಲಿರುವ ಕೂಡುಗುರುತಿನ ಆಕಾರದ ಮೊಳೆಗೆ ಬೆರಳು ತಾಕುವ ಮುಚ್ಚಳವಾದ ಕೀಕ್ಯಾಪ್ ಸಿಕ್ಕಿಕೊಳ್ಳುತ್ತದೆ. ಕೀಕ್ಯಾಪ್‌ಗಳನ್ನು ಸುಲಭವಾಗಿ ಬದಲಿಸಲು ಆಗುವುದು ಈ ಮೊಳೆಯ ಅಳತೆ ಎಲ್ಲ ತಯಾರಕರಲ್ಲೂ ಒಂದೇ ಆಗಿರುವುದರಿಂದ.

ಸ್ವಿಚ್‌ಗಳು ಲೋಹದ ಅಥವಾ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೂತು, ಕೆಳಗಿನ ಸರ್ಕ್ಯೂಟ್ ಹಲಗೆಗೆ ಸೇರುತ್ತವೆ. ಹಲಗೆಯಲ್ಲಿ ಕೀಲಿಗಳನ್ನು ಅಡ್ಡಸಾಲು, ಉದ್ದಸಾಲುಗಳಾಗಿ ಜೋಡಿಸಿರುತ್ತಾರೆ. ಚಿಕ್ಕ ನಿಯಂತ್ರಕ ಚಿಪ್ ಒಂದೊಂದೇ ಸಾಲನ್ನು ಅತಿ ವೇಗವಾಗಿ ಪರೀಕ್ಷಿಸುತ್ತ, ಎಲ್ಲಿ ಸಂಪರ್ಕ ಕೂಡಿದೆಯೆಂದು ಕಂಡುಕೊಳ್ಳುತ್ತದೆ. ಪ್ರತಿ ಸ್ವಿಚ್‌ಗೂ ಒಂದು ಡಯೋಡ್ ಇದ್ದರೆ ಹಲವು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗಲೂ ಒತ್ತದ ಕೀಲಿ ದಾಖಲಾಗುವ ದೋಷ ಬರುವುದಿಲ್ಲ. ಲೋಹದ ಎಲೆಗಳು ಕೂಡುವಾಗ ಕೆಲವು ಮಿಲಿಸೆಕೆಂಡು ಅದುರುತ್ತವೆ. ಆ ಅದುರಾಟವನ್ನು ಹಲವು ಒತ್ತುಗಳೆಂದು ಎಣಿಸದಂತೆ ಚಿಪ್‌ನ ತಂತ್ರಾಂಶ ತಡೆಯುತ್ತದೆ. ಸ್ವಿಚ್ ಹಳತಾಗಿ ಅಥವಾ ಧೂಳು ಸೇರಿ ಅದುರಾಟ ಹೆಚ್ಚಿದಾಗ, ಒಮ್ಮೆ ಒತ್ತಿದರೂ ಒಂದೇ ಅಕ್ಷರ ಎರಡು ಬಾರಿ ಮೂಡುತ್ತದೆ.

ಸ್ವಿಚ್‌ನ ಬಗೆಗಳು

ಸ್ವಿಚ್‌ಗಳನ್ನು ಬೆರಳಿಗೆ ಸಿಗುವ ಅನುಭವದ ಮೇಲೆ ಮೂರು ಗುಂಪು ಮಾಡುತ್ತಾರೆ. ಲೀನಿಯರ್ ಸ್ವಿಚ್ ಮೇಲಿನಿಂದ ತಳದವರೆಗೆ ಎಲ್ಲೂ ತಡೆಯದೆ ಇಳಿಯುತ್ತದೆ. ಟ್ಯಾಕ್ಟೈಲ್ ಸ್ವಿಚ್‌ನ ದಂಡದ ಕಾಲಿನಲ್ಲಿ ಸಣ್ಣ ಉಬ್ಬು ಇರುತ್ತದೆ. ಅದು ಲೋಹದ ಎಲೆಯನ್ನು ದಾಟುವಾಗ ಬೆರಳಿಗೆ ಕಿರಿದಾದ ತಡೆ ತಿಳಿದು, ಅಕ್ಷರ ದಾಖಲಾಯಿತೆಂಬ ಸೂಚನೆ ಸಿಗುತ್ತದೆ. ಕ್ಲಿಕ್ಕಿ ಸ್ವಿಚ್‌ನಲ್ಲಿ ಆ ತಡೆಯ ಜೊತೆಗೆ ಕ್ಲಿಕ್ ಎಂಬ ಸದ್ದನ್ನೂ ಬೇಕೆಂದೇ ಹುಟ್ಟಿಸುತ್ತಾರೆ.

ಚೆರಿ ಸಂಸ್ಥೆ ಸ್ವಿಚ್‌ಗಳನ್ನು ದಂಡದ ಬಣ್ಣದಿಂದ ಗುರುತಿಸುವ ರೂಢಿ ತಂದಿತು, ಉಳಿದ ತಯಾರಕರೂ ಬಹುಮಟ್ಟಿಗೆ ಅದನ್ನು ಅನುಸರಿಸಿದರು. ಕೆಂಪು ಲೀನಿಯರ್, ಕಂದು ಟ್ಯಾಕ್ಟೈಲ್, ನೀಲಿ ಕ್ಲಿಕ್ಕಿ. ಚೆರಿ ಕೆಂಪು ಸ್ವಿಚ್ ಸುಮಾರು 45 ಸೆಂಟಿನ್ಯೂಟನ್ ಬಲಕ್ಕೆ, 2 ಮಿಲಿಮೀಟರ್ ಆಳದಲ್ಲಿ ದಾಖಲಾಗುತ್ತದೆ. ಅದು ಒಟ್ಟು ಇಳಿಯುವ ದೂರ 4 ಮಿಲಿಮೀಟರ್. ಕಂದು ಸ್ವಿಚ್‌ಗೆ 55 ಸೆಂಟಿನ್ಯೂಟನ್, ನೀಲಿ ಮತ್ತು ಕಪ್ಪು ಸ್ವಿಚ್‌ಗಳಿಗೆ 60 ಸೆಂಟಿನ್ಯೂಟನ್ ಬಲ ಬೇಕು. ಒಂದು ಸೆಂಟಿನ್ಯೂಟನ್ ಹೆಚ್ಚುಕಡಿಮೆ ಒಂದು ಗ್ರಾಂ ತೂಕದ ಭಾರಕ್ಕೆ ಸಮ, ಆದ್ದರಿಂದ ಪೆಟ್ಟಿಗೆಯ ಮೇಲೆ ಗ್ರಾಂ ಎಂದು ಬರೆದಿದ್ದರೂ ಅದನ್ನು ಹೀಗೆಯೇ ಓದಿಕೊಳ್ಳಬಹುದು. ಕಪ್ಪು ಸ್ವಿಚ್ ಕೆಂಪಿನಂತೆ ಲೀನಿಯರ್ ಆಗಿದ್ದರೂ ಗಟ್ಟಿಯಾದ ಸ್ಪ್ರಿಂಗ್ ಉಳ್ಳದ್ದು. ಬೇರೆ ಸಂಸ್ಥೆಗಳ ಸ್ವಿಚ್ ಒಂದೇ ಬಣ್ಣದ್ದಾದರೂ ಬಲ, ಆಳಗಳು ಅಷ್ಟೇ ಇರುತ್ತವೆಂದಿಲ್ಲ. ಬಣ್ಣ ಬಗೆಯನ್ನಷ್ಟೇ ಸೂಚಿಸುತ್ತದೆ, ಅಂಕಿಗಳನ್ನು ತಯಾರಕರ ವಿವರಪಟ್ಟಿಯಲ್ಲಿ ನೋಡಬೇಕು.

ದಿನಬಳಕೆಯ ಬರವಣಿಗೆಗೆ ಈ ಮೂರರಲ್ಲಿ ಯಾವುದು ತಕ್ಕದ್ದು ಎಂಬುದು ಬೆರಳಿನ ರೂಢಿಯನ್ನು ಅವಲಂಬಿಸಿದೆ. ಬೆರಳುಗಳನ್ನು ಕೀಲಿಗಳ ಮೇಲೆ ಇಳಿಬಿಟ್ಟು ಒರಗಿಸುವ ಅಭ್ಯಾಸ ಇರುವವರಿಗೆ ಹಗುರ ಲೀನಿಯರ್ ಸ್ವಿಚ್‌ನಲ್ಲಿ ಬೇಡದ ಅಕ್ಷರಗಳು ಬೀಳುತ್ತವೆ. ಅವರಿಗೆ ಟ್ಯಾಕ್ಟೈಲ್ ಸ್ವಿಚ್ ಅಥವಾ 55ರಿಂದ 60 ಸೆಂಟಿನ್ಯೂಟನ್‌ನ ಲೀನಿಯರ್ ಒಳ್ಳೆಯದು. ಮೃದುವಾಗಿ ಒತ್ತುವವರಿಗೆ, ಬೆರಳು ಬೇಗ ದಣಿಯುವವರಿಗೆ ಹಗುರ ಸ್ವಿಚ್ ಅನುಕೂಲ. ಕೀಲಿ ತಳ ಬಡಿಯುವಂತೆ ಗಟ್ಟಿಯಾಗಿ ಒತ್ತುವವರಿಗೆ ಟ್ಯಾಕ್ಟೈಲ್ ಸೂಚನೆ ಒತ್ತನ್ನು ಹದಕ್ಕೆ ತರಲು ನೆರವಾಗಬಹುದು. 1.2 ಮಿಲಿಮೀಟರಿಗೇ ದಾಖಲಾಗುವ ವೇಗದ ಸ್ವಿಚ್‌ಗಳು ಆಟಕ್ಕೆಂದು ಮಾಡಿದವು. ಬರವಣಿಗೆಯಲ್ಲಿ ಅವುಗಳಿಂದ ತಪ್ಪುಗಳು ಹೆಚ್ಚುವುದೇ ಸಹಜ.

ಎಂಎಕ್ಸ್ ಗುಂಪಿಗೆ ಸೇರದ ಬಗೆಗಳೂ ಇವೆ. ಜಪಾನಿನ ಟೊಪ್ರೆ ಸಂಸ್ಥೆಯ ಸ್ವಿಚ್‌ನಲ್ಲಿ ರಬ್ಬರ್ ಗುಮ್ಮಟದ ಕೆಳಗೆ ಶಂಕುವಿನಾಕಾರದ ಸ್ಪ್ರಿಂಗ್ ಇದ್ದು, ಅದು ಒತ್ತಿದಂತೆ ಬದಲಾಗುವ ವಿದ್ಯುತ್ ಧಾರಕತೆಯನ್ನು ಅಳೆದು ಅಕ್ಷರ ದಾಖಲಿಸಲಾಗುತ್ತದೆ. ಲೋಹಕ್ಕೆ ಲೋಹ ತಾಕುವುದಿಲ್ಲವಾದ್ದರಿಂದ ಸಂಪರ್ಕ ಸವೆಯುವ ಪ್ರಶ್ನೆಯೇ ಇಲ್ಲ. ರಿಯಲ್‌ಫೋರ್ಸ್ ಸರಣಿ ಮತ್ತು ಹ್ಯಾಪಿ ಹ್ಯಾಕಿಂಗ್ ಕೀಲಿಮಣೆಯ ವೃತ್ತಿಪರ ಮಾದರಿಗಳಲ್ಲಿ ಇದು ಬಳಕೆಯಲ್ಲಿದೆ. ಬೆಲೆ ಹೆಚ್ಚು, ಸದ್ದು ಮೆತ್ತಗೆ. ಅಯಸ್ಕಾಂತದ ಸ್ಥಾನವನ್ನು ಅಳೆಯುವ ಹಾಲ್ ಪರಿಣಾಮದ ಸ್ವಿಚ್‌ಗಳನ್ನು ಹನಿವೆಲ್ 1960ರ ದಶಕದ ಕೊನೆಯಲ್ಲೇ ಮಾಡಿತ್ತು. ಈಗ ಅವು ಮತ್ತೆ ಬಂದಿದ್ದು, ಎಷ್ಟು ಆಳಕ್ಕೆ ಅಕ್ಷರ ದಾಖಲಾಗಬೇಕೆಂದು ಬಳಕೆದಾರರೇ ನಿಗದಿಪಡಿಸಬಹುದು. ಲ್ಯಾಪ್‌ಟಾಪ್ ಕೀಲಿಗಳಿಗೆ ಒಗ್ಗಿದವರಿಗೆಂದು ಕಡಿಮೆ ಎತ್ತರದ ಮೆಕ್ಯಾನಿಕಲ್ ಸ್ವಿಚ್‌ಗಳೂ ಇವೆ. ಅವುಗಳ ಇಳಿತ ಸಾಮಾನ್ಯವಾಗಿ 3 ಮಿಲಿಮೀಟರ್ ಆಸುಪಾಸು.

ಗಾತ್ರ ಮತ್ತು ಜೋಡಣೆ

ಅಕ್ಷರ ಕೀಲಿಗಳು ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಬಹುತೇಕ ಎಲ್ಲ ಕೀಲಿಮಣೆಗಳಲ್ಲೂ 19.05 ಮಿಲಿಮೀಟರ್ ದೂರದಲ್ಲಿರುತ್ತವೆ. ಚಿಕ್ಕ ಕೀಲಿಮಣೆಯಲ್ಲಿ ಕೀಲಿಗಳು ಕಿರಿದಾಗುವುದಿಲ್ಲ, ಅವುಗಳ ಸಂಖ್ಯೆ ಕಡಿಮೆಯಾಗುತ್ತದೆ. ಪೂರ್ಣ ಗಾತ್ರದ್ದರಲ್ಲಿ 104 ಕೀಲಿಗಳು, ಬಲಗಡೆ ಅಂಕಿಗಳ ಗುಂಪು ಸಹಿತ. ಅಂಕಿಗಳ ಗುಂಪನ್ನು ತೆಗೆದ 87 ಕೀಲಿಗಳದ್ದನ್ನು ಟೆನ್‌ಕೀಲೆಸ್ ಎನ್ನುತ್ತಾರೆ. ಶೇಕಡಾ 75ರ ಗಾತ್ರದಲ್ಲಿ ಮೇಲ್ಸಾಲಿನ ಎಫ್ ಕೀಲಿಗಳೂ ಬಾಣದ ಕೀಲಿಗಳೂ ಇದ್ದು, ಎಲ್ಲವನ್ನೂ ಒತ್ತೊತ್ತಾಗಿ ಕೂಡಿಸಿರುತ್ತಾರೆ. ಶೇಕಡಾ 65ರಲ್ಲಿ ಎಫ್ ಸಾಲು ಇಲ್ಲ, ಬಾಣಗಳಿವೆ. 61 ಕೀಲಿಗಳ ಶೇಕಡಾ 60ರ ಗಾತ್ರದಲ್ಲಿ ಬಾಣಗಳೂ ಇಲ್ಲ. ಇಲ್ಲದ ಕೀಲಿಗಳನ್ನು ಎಫ್ಎನ್ ಕೀಲಿಯ ಜೊತೆ ಇನ್ನೊಂದನ್ನು ಒತ್ತಿ ಪಡೆಯಬೇಕು.

ಲೆಕ್ಕಪತ್ರ, ಬ್ಯಾಂಕ್ ಕೆಲಸಗಳಲ್ಲಿ ಇಡೀ ದಿನ ಅಂಕಿ ತುಂಬಿಸುವವರಿಗೆ ಪೂರ್ಣ ಗಾತ್ರದ್ದೇ ಬೇಕು. ಉಳಿದವರಿಗೆ ಟೆನ್‌ಕೀಲೆಸ್‌ನಿಂದ ಒಂದು ಲಾಭವಿದೆ. ಅಂಕಿಗಳ ಗುಂಪು ಇಲ್ಲದಿದ್ದರೆ ಮೌಸ್ ಹತ್ತಿರಕ್ಕೆ ಬಂದು, ಬಲತೋಳನ್ನು ಹೊರಗೆ ಚಾಚಬೇಕಾದ ದೂರ ತಗ್ಗುತ್ತದೆ. ಪಠ್ಯವನ್ನು ತಿದ್ದುವವರಿಗೆ ಬಾಣ, ಹೋಮ್, ಎಂಡ್, ಡಿಲೀಟ್ ಕೀಲಿಗಳು ಪದೇಪದೇ ಬೇಕಾಗುತ್ತವೆ. ಅವನ್ನು ಎಫ್ಎನ್ ಹಿಂದೆ ಅಡಗಿಸಿದ ಚಿಕ್ಕ ಗಾತ್ರ ನೋಟಕ್ಕೆ ಚೆಂದ, ಸಂಪಾದನೆಯ ಕೆಲಸಕ್ಕೆ ತೊಡಕು.

ಕನ್ನಡ ಬೆರಳಚ್ಚಿನಲ್ಲಿ

ಕನ್ನಡದಲ್ಲಿ ಬರೆಯುವವರು ಗಾತ್ರ ಮತ್ತು ಸ್ವಿಚ್ ಎರಡನ್ನೂ ತಾವು ಬಳಸುವ ಕನ್ನಡ ವಿನ್ಯಾಸವನ್ನು ನೋಡಿ ಆರಿಸಬೇಕು. ಹೆಚ್ಚು ಬಳಕೆಯಲ್ಲಿರುವ ಎರಡು ವಿನ್ಯಾಸಗಳೆಂದರೆ ಕೆ.ಪಿ. ರಾವ್ ರೂಪಿಸಿದ ಧ್ವನಿಮೂಲ ವಿನ್ಯಾಸ ಮತ್ತು ಭಾರತೀಯ ಭಾಷೆಗಳಿಗೆಲ್ಲ ಸಮಾನವಾಗಿ ಮಾಡಿದ ಇನ್‌ಸ್ಕ್ರಿಪ್ಟ್. ಮೊದಲನೆಯದನ್ನು ಕರ್ನಾಟಕ ಸರ್ಕಾರ ಅಧಿಕೃತವಾಗಿ ಒಪ್ಪಿಕೊಂಡಿದ್ದು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಿಂದ ಅದು ಮನೆಮಾತಾಯಿತು. ಇನ್‌ಸ್ಕ್ರಿಪ್ಟ್ ವಿಂಡೋಸ್, ಲಿನಕ್ಸ್‌ಗಳಲ್ಲಿ ಮೊದಲೇ ಅಡಕವಾಗಿರುತ್ತದೆ.

ಎರಡರಲ್ಲೂ ಒತ್ತಕ್ಷರಕ್ಕೆ ನಡುವೆ ಒಂದು ಕೊಂಡಿ ಕೀಲಿ ಬೇಕು. ಕೆ.ಪಿ. ರಾವ್ ವಿನ್ಯಾಸದಲ್ಲಿ ಅದು ಎಡ ತೋರುಬೆರಳು ನೆಲೆಸುವ ಎಫ್, ಇನ್‌ಸ್ಕ್ರಿಪ್ಟ್‌ನಲ್ಲಿ ಎಡ ನಡುಬೆರಳಿನ ಡಿ. 'ಕನ್ನಡ' ಎಂದು ಬರೆಯಲು ಮೊದಲನೆಯದರಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಒತ್ತುಗಳು ಸಾಕು. ಒತ್ತಕ್ಷರಗಳು ಹೇರಳವಾಗಿರುವ ಕನ್ನಡದಲ್ಲಿ ಈ ಒಂದು ಕೀಲಿ ಅತಿ ಹೆಚ್ಚು ದುಡಿಯುವ ಕೀಲಿಗಳಲ್ಲೊಂದು. ನೋಡದೆ ಬೆರಳಚ್ಚು ಮಾಡುವವರಿಗೆ ಎಫ್ ಮತ್ತು ಜೆ ಕೀಲಿಗಳ ಮೇಲಿನ ಸಣ್ಣ ಗೀರು ಸ್ಪಷ್ಟವಾಗಿ ತಿಳಿಯುವ ಕೀಕ್ಯಾಪ್ ಬೇಕು.

ಶಿಫ್ಟ್ ಕೀಲಿಯ ಬಳಕೆ ಇಂಗ್ಲಿಷಿಗಿಂತ ಬಹಳ ಹೆಚ್ಚು. ಮಹಾಪ್ರಾಣಗಳಷ್ಟೇ ಅಲ್ಲ, ಣ ಮತ್ತು ಳ ಕೂಡ ಎರಡೂ ವಿನ್ಯಾಸಗಳಲ್ಲಿ ಶಿಫ್ಟ್‌ನೊಂದಿಗೇ ಬರುತ್ತವೆ. 'ಗಳು' ಎಂಬ ಬಹುವಚನ ಪ್ರತ್ಯಯ ಬಂದಾಗಲೆಲ್ಲ ಕಿರುಬೆರಳು ಶಿಫ್ಟ್ ಒತ್ತಬೇಕು. ಕೆ.ಪಿ. ರಾವ್ ವಿನ್ಯಾಸದಲ್ಲಿ ದೀರ್ಘ ಸ್ವರಗಳಿಗೂ, ಇನ್‌ಸ್ಕ್ರಿಪ್ಟ್‌ನಲ್ಲಿ ಪದದ ಮೊದಲಿಗೆ ಬರುವ ಸ್ವರಾಕ್ಷರಗಳಿಗೂ ಶಿಫ್ಟ್ ಬೇಕು. ಕೈಯಲ್ಲಿ ಅತಿ ದುರ್ಬಲವಾದ ಬೆರಳಿಗೆ ಇಷ್ಟು ಕೆಲಸ ಬೀಳುವುದರಿಂದ, ಕನ್ನಡಕ್ಕೆ ಗಡಸು ಸ್ವಿಚ್‌ಗಿಂತ ಹಗುರ ಅಥವಾ ಮಧ್ಯಮ ಸ್ವಿಚ್ ವಾಸಿ. ಸ್ವಿಚ್ ಬದಲಿಸಬಹುದಾದ ಕೀಲಿಮಣೆಯಾದರೆ ಎರಡು ಶಿಫ್ಟ್ ಕೀಲಿಗಳಿಗಷ್ಟೇ ಹಗುರ ಸ್ವಿಚ್ ಹಾಕಿಕೊಳ್ಳಬಹುದು. ಕೀಲಿಗಳನ್ನು ಹೊಂದಿಸಲು ಬರುವ ತಂತ್ರಾಂಶವಿದ್ದರೆ, ಶಿಫ್ಟನ್ನು ಒತ್ತಿ ಹಿಡಿಯದೆ ಒಮ್ಮೆ ತಟ್ಟಿ ಬಿಟ್ಟರೂ ಮುಂದಿನ ಅಕ್ಷರಕ್ಕೆ ಅನ್ವಯಿಸುವಂತೆ ಮಾಡಬಹುದು.

ಗಾತ್ರದ ವಿಷಯದಲ್ಲಿ ಎರಡು ವಿನ್ಯಾಸಗಳ ಬೇಡಿಕೆ ಬೇರೆ. ಕೆ.ಪಿ. ರಾವ್ ವಿನ್ಯಾಸ 26 ಅಕ್ಷರ ಕೀಲಿಗಳೊಳಗೇ ಕನ್ನಡವನ್ನು ಹಿಡಿದಿಡುವುದರಿಂದ ಯಾವ ಗಾತ್ರದಲ್ಲೂ ಸಲೀಸು. ಇನ್‌ಸ್ಕ್ರಿಪ್ಟ್ ಅಕ್ಷರ ಕೀಲಿಗಳ ಆಚೆಗೂ ಹರಡಿಕೊಂಡಿದೆ. ಡ ಇರುವುದು ಪಿ ಕೀಲಿಯ ಬಲಕ್ಕೆ, ಋತ್ವದ ಚಿಹ್ನೆ ಸಮಚಿಹ್ನೆಯ ಕೀಲಿಯಲ್ಲಿ, ಒತ್ವದ ಚಿಹ್ನೆ ಒಂದರ ಅಂಕಿಯ ಎಡಕ್ಕಿರುವ ಕೀಲಿಯಲ್ಲಿ. ಶೇಕಡಾ 60ರ ಕೀಲಿಮಣೆಗಳಲ್ಲಿ ಆ ಮೂಲೆಯ ಜಾಗಕ್ಕೆ ಎಸ್ಕೇಪ್ ಕೀಲಿ ಬಂದಿರುತ್ತದೆ, 65ರ ಹಲವು ಮಾದರಿಗಳಲ್ಲೂ ಹಾಗೆಯೇ. ಆಗ ಕೊಡು, ಹೊಲ, ನೊಣ ಎಂದು ಬರೆಯುವಾಗಲೆಲ್ಲ ಎಫ್ಎನ್ ಕೂಡ ಒತ್ತಬೇಕಾಗುತ್ತದೆ. ಇನ್‌ಸ್ಕ್ರಿಪ್ಟ್ ಬಳಸುವವರು ಶೇಕಡಾ 75, ಟೆನ್‌ಕೀಲೆಸ್ ಅಥವಾ ಪೂರ್ಣ ಗಾತ್ರವನ್ನೇ ಆರಿಸುವುದು ಸರಿ. ಚಿಕ್ಕದೇ ಬೇಕಾದರೆ ಎಸ್ಕೇಪನ್ನು ಬೇರೆಡೆಗೆ ಸರಿಸಲು ಬರುತ್ತದೆಯೇ ಎಂದು ನೋಡಿಕೊಳ್ಳಬೇಕು.

ಕೀಕ್ಯಾಪ್

ಕೀಕ್ಯಾಪ್‌ಗಳನ್ನು ಹೆಚ್ಚಾಗಿ ಎಬಿಎಸ್ ಅಥವಾ ಪಿಬಿಟಿ ಪ್ಲಾಸ್ಟಿಕ್‌ನಿಂದ ಮಾಡುತ್ತಾರೆ. ಎಬಿಎಸ್ ನಯವಾಗಿದ್ದು, ಕೆಲವು ತಿಂಗಳ ಬಳಕೆಗೆ ಬೆರಳು ಮುಟ್ಟುವ ಕಡೆ ಹೊಳೆಯತೊಡಗುತ್ತದೆ. ಪಿಬಿಟಿ ತುಸು ತರಿಯಾಗಿದ್ದು, ಸವೆತವನ್ನು ಹೆಚ್ಚು ತಾಳುತ್ತದೆ. ಅಕ್ಷರ ಮುದ್ರಿಸುವ ವಿಧಾನವೂ ಮುಖ್ಯ. ಮೇಲ್ಮೈಗೆ ಬಣ್ಣ ಬಳಿದು ಮುದ್ರಿಸಿದ ಅಕ್ಷರ ಬೇಗ ಅಳಿಸುತ್ತದೆ. ಬಣ್ಣವನ್ನು ಕಾಯಿಸಿ ಪ್ಲಾಸ್ಟಿಕ್ ಒಳಕ್ಕೆ ಇಂಗಿಸುವ ವಿಧಾನದಲ್ಲೂ, ಎರಡು ಬಣ್ಣದ ಪ್ಲಾಸ್ಟಿಕ್ಕನ್ನು ಒಂದರೊಳಗೊಂದು ಎರಕ ಹೊಯ್ಯುವ ಡಬಲ್ ಶಾಟ್ ವಿಧಾನದಲ್ಲೂ ಅಕ್ಷರ ಬಹುಕಾಲ ಬಾಳುತ್ತದೆ. ಸಾಲಿನಿಂದ ಸಾಲಿಗೆ ಎತ್ತರ, ಓರೆ ಬದಲಾಗುವ ಚೆರಿ ಮತ್ತು ಒಇಎಂ ಆಕಾರಗಳು ಬಹುತೇಕರ ಬೆರಳಿಗೆ ಹೊಂದುತ್ತವೆ. ಡಿಎಸ್ಎ, ಎಕ್ಸ್‌ಡಿಎ ಆಕಾರಗಳಲ್ಲಿ ಎಲ್ಲ ಸಾಲುಗಳೂ ಒಂದೇ ಸಮ. ಎತ್ತರವಾದ ಎಸ್ಎ ಆಕಾರಕ್ಕೆ ಮಣಿಕಟ್ಟನ್ನೂ ಎತ್ತರಿಸಬೇಕಾಗುತ್ತದೆ.

ಸದ್ದು

ಕೀಲಿಮಣೆಯ ಸದ್ದಿಗೆ ಸ್ವಿಚ್ ಒಂದೇ ಕಾರಣವಲ್ಲ. ದಂಡ ತಳ ಬಡಿಯುವುದು, ಮರಳಿ ಮೇಲಕ್ಕೆ ಬಂದು ಹೊದಿಕೆಗೆ ತಾಕುವುದು, ಟೊಳ್ಳು ಕವಚದಲ್ಲಿ ದನಿ ಮೊಳಗುವುದು, ಸ್ಪೇಸ್‌ಬಾರ್‌ನಂಥ ಉದ್ದ ಕೀಲಿಗಳನ್ನು ಸಮತೋಲದಲ್ಲಿಡುವ ಸ್ಟೆಬಿಲೈಸರ್ ತಂತಿ ಗಲಗಲಿಸುವುದು ಎಲ್ಲ ಸೇರುತ್ತವೆ. ತಂತಿಗೆ ಗ್ರೀಸ್ ಹಚ್ಚಿ, ಕವಚದೊಳಗೆ ಫೋಮ್ ತುಂಬಿದರೆ ಸದ್ದು ಸಾಕಷ್ಟು ತಗ್ಗುತ್ತದೆ. ಇತರರ ಜೊತೆ ಕೂತು ಕೆಲಸ ಮಾಡುವವರಿಗೆ ಕ್ಲಿಕ್ಕಿ ಸ್ವಿಚ್ ಸಲ್ಲದು. ದಂಡದಲ್ಲಿ ಸಣ್ಣ ರಬ್ಬರ್ ತುಂಡು ಇರಿಸಿದ ನಿಶ್ಶಬ್ದ ಸ್ವಿಚ್‌ಗಳು ಮನೆಮಂದಿ ಮಲಗಿರುವಾಗ ಬರೆಯುವವರಿಗೂ, ಕಚೇರಿಗೂ ಒಗ್ಗುತ್ತವೆ.

ಕೈಯ ಭಂಗಿ

ಮೆಕ್ಯಾನಿಕಲ್ ಕೀಲಿಮಣೆ ಸಾಮಾನ್ಯವಾಗಿ ಎತ್ತರವಾಗಿರುತ್ತದೆ. ಅದರಿಂದ ಮಣಿಕಟ್ಟು ಮೇಲಕ್ಕೆ ಬಾಗಿ, ದೀರ್ಘಕಾಲದಲ್ಲಿ ನೋವಿಗೆ ದಾರಿಯಾಗಬಹುದು. ಹಿಂದಿನ ಮಡಿಕೆ ಕಾಲುಗಳನ್ನು ಎತ್ತದಿರುವುದು, ಮೇಜಿನ ಎತ್ತರವನ್ನು ಮೊಣಕೈಗೆ ಸಮನಾಗಿಸುವುದು, ಅಂಗೈಗೆ ಒರಗುಪಟ್ಟಿ ಇಡುವುದು ಸರಳ ಪರಿಹಾರಗಳು. ಒರಗುಪಟ್ಟಿ ಬಿಡುವಿನ ಹೊತ್ತಿಗೆ ಮಾತ್ರ, ಬರೆಯುವಾಗ ಕೈ ತೇಲುತ್ತಿರಬೇಕು. ಭುಜದಗಲಕ್ಕೆ ಕೈಗಳನ್ನು ಇಡಲು ಬರುವಂತೆ ಎರಡಾಗಿ ಸೀಳಿದ ಕೀಲಿಮಣೆಗಳೂ ಇವೆ. ಕೈನೆಸಿಸ್ ಸಂಸ್ಥೆಯ ಬಟ್ಟಲಿನಾಕಾರದ ಮಾದರಿ, ಎರ್ಗೋಡಾಕ್ಸ್ ಮುಂತಾದವು ಈ ಗುಂಪಿನವು. ಅವುಗಳಿಗೆ ಒಗ್ಗಿಕೊಳ್ಳಲು ಹಲವು ವಾರ ಬೇಕು. ಈಗಾಗಲೇ ನೋವಿರುವವರು ಕೀಲಿಮಣೆ ಬದಲಿಸುವುದರ ಜೊತೆಗೆ ವೈದ್ಯರ ಸಲಹೆಯನ್ನೂ ಪಡೆಯಬೇಕು.

ಸಂಪರ್ಕ ಮತ್ತು ತಂತ್ರಾಂಶ

ಒಂದೇ ಮೇಜಿನ ಮೇಲಿರುವ ಕೀಲಿಮಣೆಗೆ ಯುಎಸ್‌ಬಿ ಕೇಬಲ್ ಸಾಕು. ಚಾರ್ಜಿನ ಗೊಡವೆ ಇರುವುದಿಲ್ಲ. ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಫೋನುಗಳ ನಡುವೆ ಓಡಾಡುವವರಿಗೆ ಬ್ಲೂಟೂತ್ ಬೇಕಾಗುತ್ತದೆ. ಹಿಂಬದಿ ಬೆಳಕು ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತದೆ. ಎಷ್ಟು ಕೀಲಿಗಳನ್ನು ಏಕಕಾಲಕ್ಕೆ ಗುರುತಿಸುತ್ತದೆ ಎಂಬ ಜಾಹೀರಾತಿನ ಅಂಕಿ ಬರವಣಿಗೆಗೆ ಮುಖ್ಯವಲ್ಲ. ಆರು ಕೀಲಿಗಳನ್ನು ಗುರುತಿಸಿದರೆ ಧಾರಾಳವಾಯಿತು. ಕ್ಯುಎಂಕೆ ಎಂಬ ಮುಕ್ತ ತಂತ್ರಾಂಶ, ಅದರ ಜೊತೆಗಿನ ವಯಾ ಸಾಧನ ಇರುವ ಕೀಲಿಮಣೆಗಳಲ್ಲಿ ಯಾವ ಕೀಲಿಗೆ ಯಾವ ಕೆಲಸ ಎಂಬುದನ್ನು ಬಳಕೆದಾರರೇ ಬದಲಿಸಬಹುದು. ಈ ಹೊಂದಿಕೆ ಕೀಲಿಮಣೆಯೊಳಗೇ ಉಳಿಯುವುದರಿಂದ ಬೇರೆ ಕಂಪ್ಯೂಟರಿಗೆ ಜೋಡಿಸಿದರೂ ಹಾಗೆಯೇ ಇರುತ್ತದೆ.

ಬಾಳಿಕೆ ಮತ್ತು ನಿರ್ವಹಣೆ

ಎಂಎಕ್ಸ್ ಮಾದರಿಯ ಸ್ವಿಚ್‌ಗಳಿಗೆ ತಯಾರಕರು 5 ಕೋಟಿ ಅಥವಾ ಅದಕ್ಕೂ ಹೆಚ್ಚು ಒತ್ತುಗಳ ಆಯುಷ್ಯ ಹೇಳುತ್ತಾರೆ. ಸಾಮಾನ್ಯ ಬಳಕೆಯಲ್ಲಿ ಸ್ವಿಚ್ ಸವೆಯುವ ಮೊದಲೇ ಧೂಳು, ಚೆಲ್ಲಿದ ಕಾಫಿ, ಅಲುಗಾಡಿದ ಯುಎಸ್‌ಬಿ ತೂತು ತೊಂದರೆ ಕೊಡುತ್ತವೆ. ಕೀಕ್ಯಾಪ್‌ಗಳನ್ನು ಆಗಾಗ ಕಿತ್ತು ಸೋಪುನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ತಟ್ಟೆಯ ಮೇಲಿನ ಧೂಳನ್ನು ಮೆತ್ತನೆಯ ಬ್ರಷ್‌ನಿಂದ ತೆಗೆಯಬೇಕು. ಸ್ವಿಚ್‌ಗಳನ್ನು ಬೆಸುಗೆಯಿಲ್ಲದೆ ಕಿತ್ತು ಹಾಕಲು ಬರುವ ಹಾಟ್‌ಸ್ವಾಪ್ ಕೀಲಿಮಣೆಯಲ್ಲಿ ಒಂದು ಸ್ವಿಚ್ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಬೆಸುಗೆ ಹಾಕಿದ್ದರಲ್ಲಾದರೆ ಆ ಕೆಲಸ ಬಲ್ಲವರ ಬಳಿ ಒಯ್ಯಬೇಕು. ಸ್ವಿಚ್ ಕೊಳ್ಳುವಾಗ ಹಲಗೆ ಮೂರು ಪಿನ್ನಿನದೋ ಐದು ಪಿನ್ನಿನದೋ ಎಂದು ನೋಡಬೇಕು. ಮೂರು ಪಿನ್ನಿನ ಹಲಗೆಗೆ ಐದು ಪಿನ್ನಿನ ಸ್ವಿಚ್ ಕೂರಬೇಕಾದರೆ ಎರಡು ಪ್ಲಾಸ್ಟಿಕ್ ಕಡ್ಡಿಗಳನ್ನು ಕತ್ತರಿಸಬೇಕಾಗುತ್ತದೆ.

ಆಯ್ಕೆಯ ಕ್ರಮ

ಆಮೇಲೆ ಬದಲಿಸಲಾಗದ್ದನ್ನು ಮೊದಲು ನಿರ್ಧರಿಸುವುದು ಒಳ್ಳೆಯ ಕ್ರಮ. ಗಾತ್ರ, ಕವಚದ ಎತ್ತರ, ಕೇಬಲ್ಲೋ ಬ್ಲೂಟೂತೋ ಎಂಬುದು, ಹಾಟ್‌ಸ್ವಾಪ್ ಸೌಲಭ್ಯ, ಕೀಲಿಗಳನ್ನು ಹೊಂದಿಸಲು ಬರುವ ತಂತ್ರಾಂಶ ಕೊಳ್ಳುವಾಗಲೇ ತೀರ್ಮಾನವಾಗುವ ಸಂಗತಿಗಳು. ಕೆಳಸಾಲಿನ ಕೀಲಿಗಳು ರೂಢಿಯ ಅಳತೆಯಲ್ಲಿವೆಯೇ, ಸ್ಪೇಸ್‌ಬಾರ್ ಸಾಮಾನ್ಯ ಕೀಲಿಯ 6.25ರಷ್ಟು ಅಗಲವಿದೆಯೇ ಎಂದೂ ಆಗಲೇ ನೋಡಬೇಕು, ಇಲ್ಲವಾದರೆ ಮುಂದೆ ಬೇರೆ ಕೀಕ್ಯಾಪ್ ಹೊಂದುವುದಿಲ್ಲ. ಎರಡನೆಯದು ಸ್ವಿಚ್. ಸಾಧ್ಯವಿದ್ದರೆ ಅಂಗಡಿಯಲ್ಲೋ ಪರಿಚಿತರ ಬಳಿಯೋ ಒಂದು ಪುಟದಷ್ಟು ಬರೆದು ನೋಡಬೇಕು. ಒಂದೆರಡು ಕೀಲಿ ಒತ್ತಿ ನೋಡಿದರೆ ಸ್ಪ್ರಿಂಗ್‌ನ ಬಲವಷ್ಟೇ ತಿಳಿಯುತ್ತದೆ, ದಣಿವು ತಿಳಿಯುವುದಿಲ್ಲ. ಯಾವುದನ್ನೂ ಬಳಸಿ ನೋಡಲಾಗದವರು ಹಾಟ್‌ಸ್ವಾಪ್ ಇರುವುದನ್ನು ಕೊಂಡು, 45ರಿಂದ 55 ಸೆಂಟಿನ್ಯೂಟನ್‌ನ ಲೀನಿಯರ್ ಅಥವಾ ಟ್ಯಾಕ್ಟೈಲ್ ಸ್ವಿಚ್‌ನಿಂದ ಶುರುಮಾಡಿದರೆ ಆಯ್ಕೆ ತಪ್ಪಿದರೂ ಖರ್ಚು ಸ್ವಿಚ್‌ಗಳಿಗಷ್ಟೇ ಸೀಮಿತ. ಕೀಕ್ಯಾಪ್, ಫೋಮ್, ಒರಗುಪಟ್ಟಿಗಳನ್ನು ಕೊನೆಗೆ, ಬಳಸುತ್ತ ಬಳಸುತ್ತ ಕೊರತೆ ಕಂಡಂತೆ ಸೇರಿಸಿಕೊಳ್ಳಬಹುದು. ದೀಪಗಳ ಬಣ್ಣ, ಲೋಹದ ಕವಚದಂಥವು ಬೆಲೆಯನ್ನು ಏರಿಸುತ್ತವೆ, ಬರವಣಿಗೆಯ ಸೌಖ್ಯಕ್ಕೆ ಅವುಗಳಿಂದ ಸಿಗುವ ನೆರವು ಕಡಿಮೆ. ಕೈಗೆ ಹಗುರವಾದ ಸ್ವಿಚ್, ಬರೆಯುವ ಭಾಷೆಗೆ ಬೇಕಾದ ಕೀಲಿಗಳೆಲ್ಲ ನೇರವಾಗಿ ಸಿಗುವ ಜೋಡಣೆ, ಅಳಿಸದ ಅಕ್ಷರಗಳಿರುವ ಕೀಕ್ಯಾಪ್, ಈ ಮೂರು ಇರುವ ಮಧ್ಯಮ ಬೆಲೆಯ ಕೀಲಿಮಣೆ ದಿನಬಳಕೆಗೆ ಸಾಕು.